ಎರಡನೇ ಬುಧವಾರದ ಉಸ್ತಾದ್

ಕಳೆದ ತಿಂಗಳು ನಮ್ಮ ಪತ್ರಿಕೆಯ ಮೂರನೇ ಪುಟದಲ್ಲಿ ಒಂದು ನಿಧನ ವಾರ್ತೆ ಬಂತು. ಎಂಟು ಸಾಲು. ಬರೆದವನು ನಾನೇ. ಹೆಸರು, ವಯಸ್ಸು ಅರವತ್ತೆರಡು, ಬೀದರ್ ಹಳೆಯ ಪೇಟೆಯ ನಿವಾಸಿ, ಕಂಪ್ಯೂಟರ್ ದುರಸ್ತಿ ವೃತ್ತಿಯಲ್ಲಿದ್ದರು, ಹೃದಯಾಘಾತ, ಪತ್ನಿ ಮತ್ತು ಮಗಳು ಇದ್ದಾರೆ, ದಫನ್ ಎಲ್ಲಿ, ಯಾವಾಗ. ನಿಧನ ವಾರ್ತೆಗೆ ನಮ್ಮಲ್ಲಿ ಅಷ್ಟೇ ಜಾಗ. ಆ ನಿಯಮವನ್ನು ಇಷ್ಟು ವರ್ಷ ಕಾಯ್ದುಕೊಂಡು ಬಂದವನು ನಾನು, ಅವರಿಗಾಗಿಯೂ ಮುರಿಯಲಿಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಆ ಎಂಟು ಸಾಲಿನಲ್ಲಿದೆ, ಇಲ್ಲಿ ಬೇಕಾಗಿಲ್ಲ. ಎಲ್ಲರೂ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿದ್ದರು.

ಎತ್ತರದ ಆಳು, ತೆಳ್ಳಗೆ. ತೋಳು ಮಡಿಚದ ಬಿಳಿ ಶರ್ಟು. ಹೆಗಲಿಗೆ ಒಂದು ಚರ್ಮದ ಚೀಲ. ಅದು ಅವರ ತಂದೆಯದು. ತಂದೆ ಬೀದರಿನ ಕಚೇರಿಗಳಲ್ಲಿ ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದರು. ಚೀಲದ ತಳದಲ್ಲಿ ಆ ಎಣ್ಣೆಯ ವಾಸನೆ ಇನ್ನೂ ಉಳಿದಿತ್ತು. ಮಗ ಅದರಲ್ಲಿ ಎರಡು ಹಾರ್ಡ್ ಡಿಸ್ಕ್, ಒಂದು ಬ್ರಷ್, ಸ್ಕ್ರೂಡ್ರೈವರ್‌ಗಳು ಮತ್ತು ಒಗೆದ ಕರವಸ್ತ್ರ ಇಟ್ಟುಕೊಳ್ಳುತ್ತಿದ್ದರು. ಕಂಪ್ಯೂಟರ್ ಮುಟ್ಟುವ ಮೊದಲು ಕರವಸ್ತ್ರದಿಂದ ಎರಡೂ ಕೈ ಒರೆಸಿಕೊಳ್ಳುವರು. ಆಮೇಲೆ ಅದರ ಮೈಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಸುಮ್ಮನಿರುವರು, ಮಗುವಿನ ಜ್ವರ ನೋಡುವ ಹಾಗೆ.

"ಬಿಸಿ ಜಾಸ್ತಿ ಅದ. ಒಳಗ ಧೂಳ ಕುಂತದ. ಯಾರಿಗೂ ಒಂದ್ ಫೂ ಅನ್ಲಿಕ್ಕ ಬರಂಗಿಲ್ಲೇನ್ರಿ ಇಲ್ಲಿ?"

ಅವರ ಗಿರಾಕಿಗಳು ಒಂದು ಕಾಲಕ್ಕೆ ನಲವತ್ತು ಮಂದಿ ಇದ್ದಿರಬಹುದು. ನಾನು ಹೇಳುತ್ತಿರುವ ವರ್ಷಗಳಲ್ಲಿ ಮೂವರೇ ಉಳಿದಿದ್ದೆವು. ಬೀದರಿನಲ್ಲಿ ನಮ್ಮ ಪತ್ರಿಕೆ. ಭಾಲ್ಕಿಯಲ್ಲಿ ಒಂದು ರಕ್ತ ಪರೀಕ್ಷೆಯ ಲ್ಯಾಬ್; ಅದನ್ನು ಹಲಬರ್ಗಾದ ಹೆಣ್ಣುಮಗಳೊಬ್ಬರು ನಡೆಸುತ್ತಿದ್ದರು. ಔರಾದಿನಲ್ಲಿ ಲಾರಿ ತೂಗುವ ಕಾಟಾ. ಅದರ ಮಾಲೀಕರು ಡಾಬಕಾ ಕಡೆಯ ಸಾವ್ಕಾರರು. ಮೂರೂ ಕಡೆ ಕಂಪ್ಯೂಟರ್‌ಗಳಲ್ಲಿದ್ದದ್ದು ಒಂದೇ ಹಳೆಯ ವಿಂಡೋಸ್.

ಕಂಪ್ಯೂಟರ್ ಎದ್ದು ನಡೆಯಲು ಒಳಗೆ ಒಂದು ಮೂಲ ವ್ಯವಸ್ಥೆ ಇರುತ್ತದೆ. ಅದರಲ್ಲಿ ಬಿರುಕು ಕಂಡಾಗಲೆಲ್ಲ ತಯಾರಿಸಿದ ಕಂಪನಿ ತಿಂಗಳಿಗೊಮ್ಮೆ ತೇಪೆ ಕಳಿಸುತ್ತದೆ. ಅದಕ್ಕೆ ಅಪ್‌ಡೇಟ್ ಎನ್ನುತ್ತಾರೆ. ಒಂದು ದಿನ, ಇದು ಹಳೆಯದಾಯಿತು, ಇನ್ನು ಕಳಿಸುವುದಿಲ್ಲ, ಹೊಸದಕ್ಕೆ ಬನ್ನಿ ಎನ್ನುತ್ತದೆ. ಜಗತ್ತು ಹೊಸದಕ್ಕೆ ಹೋಗುತ್ತದೆ. ನಾವು ಮೂವರು ಹೋಗಲಿಲ್ಲ. ಹೋಗಲು ಆಗುವುದಿಲ್ಲ ಎಂದು ನಂಬಿದ್ದೆವು. ನಮ್ಮ ಕನ್ನಡ ಅಕ್ಷರಗಳೂ ಪುಟ ಕಟ್ಟುವ ತಂತ್ರಾಂಶವೂ ಹುಬ್ಬಳ್ಳಿಯ ಒಬ್ಬರು ಮಾಡಿಕೊಟ್ಟದ್ದು; ಅವರು ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿತ್ತು, ಹೊಸ ವ್ಯವಸ್ಥೆಯಲ್ಲಿ ನಮ್ಮ ಹಳೆಯ ಪುಟ ತೆರೆದರೆ ಕನ್ನಡದ ಬದಲು ಚುಕ್ಕಿ, ಗೆರೆ, ಡಾಲರ್ ಚಿಹ್ನೆ ಕಾಣುತ್ತಿದ್ದವು. ಭಾಲ್ಕಿಯ ರಕ್ತ ಪರೀಕ್ಷೆಯ ಯಂತ್ರ ಹಳೆಯ ಕಂಪ್ಯೂಟರ್ ಜತೆ ಮಾತ್ರ ಮಾತಾಡುತ್ತಿತ್ತು. ಔರಾದಿನ ಕಾಟಾದ ಪ್ರೋಗ್ರಾಂ ಬರೆದ ಲಾತೂರಿನ ಮನುಷ್ಯ ಫೋನ್ ಎತ್ತುವುದನ್ನು ಬಿಟ್ಟಿದ್ದ.

ಮೂರು ಕಡೆಯೂ ಆ ವ್ಯವಸ್ಥೆ ಕೂಡಿಸಿದವರು ಉಸ್ತಾದರೇ. ಹೀಗಾಗಿ ಬಿಟ್ಟು ಹೋಗುವುದು ಅವರಿಗೆ ಮೊದಲಿನಿಂದಲೂ ಕಷ್ಟವಿತ್ತು.

ಕಂಪನಿ ಸಾಮಾನ್ಯ ಜನರ ಕಂಪ್ಯೂಟರಿಗೆ ತೇಪೆ ನಿಲ್ಲಿಸಿದರೂ, ಅದೇ ವ್ಯವಸ್ಥೆಯ ಇನ್ನೊಂದು ರೂಪ ದೊಡ್ಡ ಅಂಗಡಿಗಳ ಬಿಲ್ಲಿನ ಯಂತ್ರಗಳಲ್ಲಿ ಇತ್ತಂತೆ. ಅವುಗಳಿಗೆ ಮತ್ತೂ ಕೆಲವು ವರ್ಷ ಕಳಿಸುತ್ತಿತ್ತು. ಎರಡರ ಬೇರು ಒಂದೇ. ಉಸ್ತಾದ್ ನಮ್ಮ ಕಂಪ್ಯೂಟರಿನೊಳಗೆ ಎಲ್ಲೋ ಒಂದು ಕಡೆ ಸಣ್ಣ ಬದಲಾವಣೆ ಮಾಡಿ ಆ ತೇಪೆಗಳು ಇಲ್ಲಿಯೂ ಕೂರುವಂತೆ ಮಾಡಿದರು.

"ಅಂದ್ರ ನಮ್ಮ ಕಂಪ್ಯೂಟರ್ ಸುಳ್ಳು ಹೇಳ್ತದೇನ್ರಿ?" ಎಂದು ಕೇಳಿದ್ದೆ.

"ತಾನು ಅಂಗಡಿ ಗಲ್ಲಾದ ಮ್ಯಾಲ ಕುಂತೀನಿ ಅಂತ ಹೇಳ್ಕೋತದ್ರಿ ಸಾಬ್. ನನಗೂ ಮನಸ್ಸಿಗೆ ಸರಿ ಬರ್ಲಿಲ್ಲ. ನಮ್ಮ ಮೌಲಾನಾ ಸಾಬ್‌ರಿಗೆ ಕೇಳ್ದೆ. ಅವ್ರು ಏನಂದ್ರು ಗೊತ್ತೇನ್ರಿ? ಕಂಪ್ಯೂಟರಿಗೆ ನಮಾಜ್ ಇಲ್ಲ, ರೋಜಾ ಇಲ್ಲ, ಅದರ ಲೆಕ್ಕ ನನಗ ಕೇಳಬ್ಯಾಡ, ನೀ ಮುಂಜಾನಿ ಫಜರ್ ನಮಾಜಿಗೆ ಯಾಕ ಬರ್ಲಿಲ್ಲ ಅದು ಹೇಳು ಅಂದ್ರು."

ತೇಪೆ ಬರುತ್ತಿದ್ದುದು ತಿಂಗಳ ಎರಡನೇ ಮಂಗಳವಾರ, ಅಮೆರಿಕದ ಲೆಕ್ಕದಲ್ಲಿ. ನಮಗೆ ಅದು ಬುಧವಾರ ಬೆಳಗು. ಆ ದಿನ ಉಸ್ತಾದ್ ಮನೆ ಬಿಟ್ಟು ಹೊರಬರುತ್ತಿರಲಿಲ್ಲ. ಎಲ್ಲವನ್ನೂ ಇಳಿಸಿಕೊಂಡು ಮೊದಲು ತಮ್ಮ ಸ್ವಂತ ಕಂಪ್ಯೂಟರಿಗೆ ಹಾಕಿ ನೋಡುವರು. ಅದು ಎದ್ದು ನಿಂತರೆ ಗುರುವಾರ ನಮ್ಮ ಕಚೇರಿ. ಶುಕ್ರವಾರ ಜುಮ್ಮಾ, ರಜೆ. ಶನಿವಾರ ಭಾಲ್ಕಿ. ಭಾನುವಾರ ಔರಾದ್, ಅವತ್ತು ಲಾರಿ ಕಡಿಮೆ. ಕಂಪನಿ ಕೈಬಿಟ್ಟ ಮೇಲೆ ಐದು ವರ್ಷ ಈ ಸುತ್ತು ತಪ್ಪಲಿಲ್ಲ, ಒಂದೇ ಒಂದು ತಿಂಗಳು ಬಿಟ್ಟು. ಅದರ ಮಾತು ಮುಂದೆ ಬರುತ್ತದೆ.

ತೇಪೆ ಕೂರುವಾಗ ಪರದೆಯ ಮೇಲೆ "ಬಂದ್ ಮಾಡಬೇಡಿ" ಎಂಬ ಸೂಚನೆ ಬರುತ್ತದೆ. ಅದು ಬಂದಾಗ ಉಸ್ತಾದ್ ಕುರ್ಚಿಯಿಂದ ಏಳುತ್ತಿರಲಿಲ್ಲ. ಚಹಾ ಬಂದರೆ ಆರುತ್ತಿತ್ತು. ಕರೆಂಟಿನ ತಂತಿಯ ಹತ್ತಿರ ಯಾರಾದರೂ ಸುಳಿದರೆ ಕಾಲು ಅಡ್ಡ ಇಡುವರು. ಒಮ್ಮೆ ಮನೆಯಿಂದ ಫೋನ್ ಬಂತು. ಹೆಂಡತಿ ಮೆಟ್ಟಿಲಲ್ಲಿ ಜಾರಿದ್ದರು. ಫೋನ್ ಕಿವಿಗಿಟ್ಟುಕೊಂಡೇ ಪರದೆಯ ಮೇಲಿನ ಅಂಕಿ ನೋಡುತ್ತ ಕುಳಿತಿದ್ದರು. ಅರವತ್ತೆರಡು, ಅರವತ್ತಮೂರು.

"ಹೋಗ್ರಿ ಉಸ್ತಾದ್, ನಾ ನೋಡ್ಕೋತೀನಿ," ಎಂದೆ.

"ಏನ್ ನೋಡ್ಕೋತೀರಿ ಸಾಬ್? ನಡು ನಿಂತ್ರ ನಿಮಗ ತಿಳೀತದೇನು?" ಎಂದರು. ಸಿಟ್ಟಿನಲ್ಲಿ ಹೇಳಿದ್ದಲ್ಲ. ನೂರಕ್ಕೆ ನೂರು ಆದಮೇಲೆ ಎದ್ದು, ಕೈ ಒರೆಸಿಕೊಂಡು, ಆಟೋ ಹಿಡಿದರು.

ಆ ಹೆಂಡತಿಯನ್ನು ನಾವು ಭಾಭಿ ಎನ್ನುತ್ತಿದ್ದೆವು. ಅವರಿಗೆ ಜೀವನದಲ್ಲಿ ಇದ್ದ ಬೇಡಿಕೆ ಒಂದೇ: ಗಂಡನ ಜತೆ ಹಜ್‌ಗೆ ಹೋಗಿ ಬರಬೇಕು. ಹೋಗಿ ಬರಲು ನಲವತ್ತು ದಿನ ಬೇಕು. ಎರಡನೇ ಬುಧವಾರ ತಿಂಗಳಿಗೊಮ್ಮೆ ಬರುತ್ತದೆ. ಯಾವ ನಲವತ್ತು ದಿನ ತೆಗೆದುಕೊಂಡರೂ ನಡುವೆ ಒಂದಾದರೂ ಸಿಕ್ಕೇ ಸಿಗುತ್ತದೆ.

ಉಸ್ತಾದ್ ನಮ್ಮ ಕಚೇರಿಗೆ ಒಂದು ಪದ್ಧತಿ ತಂದಿದ್ದರು. ಹಳೆಯ ಕಂಪ್ಯೂಟರ್‌ಗಳಿಗೆ ಇಂಟರ್ನೆಟ್ ಇರಲಿಲ್ಲ. ವರದಿಗಾರರು ಸುದ್ದಿಯನ್ನು ಪೆನ್‌ಡ್ರೈವ್‌ನಲ್ಲಿ ತರುತ್ತಿದ್ದರು. ಬಾಗಿಲ ಬಳಿ ಒಂದು ಸ್ಟೀಲ್ ಡಬ್ಬಿ. ಪೆನ್‌ಡ್ರೈವ್ ಅದರಲ್ಲಿ ಹಾಕಬೇಕು. ಪಕ್ಕದ ಬೇರೊಂದು ಕಂಪ್ಯೂಟರಿನಲ್ಲಿ ಅದನ್ನು ತಪಾಸಣೆ ಮಾಡಿದ ಮೇಲಷ್ಟೇ ಒಳಗೆ.

"ಚಪ್ಪಲ್ ಹೊರಗ ಬಿಡ್ತೀರಿಲ್ಲ? ಹಂಗ ಇದನೂ ಬಿಡ್ರಿ. ಊರಾಗ ಎಲ್ಲೆಲ್ಲಿ ಅಡ್ಡಾಡಿ ಬಂದದೋ ಏನೋ."

ಕಂಪನಿ ಕೈಬಿಟ್ಟ ಎರಡನೇ ವರ್ಷ ಉಸ್ತಾದರಿಗೆ ಕಾಮಾಲೆಯಾಯಿತು. ಒಂದು ಎರಡನೇ ಬುಧವಾರ ತಪ್ಪಿತು. ಅದೇ ತಿಂಗಳು ನಮ್ಮ ವರದಿಗಾರರೊಬ್ಬರು, ಪುಟ ಮುದ್ರಣಕ್ಕೆ ಹೋಗುವ ಅವಸರದಲ್ಲಿ, ಡಬ್ಬಿ ದಾಟಿಸಿ ಪೆನ್‌ಡ್ರೈವನ್ನು ನೇರವಾಗಿ ಸಿಕ್ಕಿಸಿದರು. ಅದರೊಳಗಿದ್ದ ವೈರಸ್ ಹರಡಿ, ಅರ್ಧ ಗಂಟೆಯಲ್ಲಿ ಒಂದೊಂದೇ ಪುಟ ತೆರೆಯದಂತೆ ಬೀಗ ಬಿತ್ತು. ಮರುದಿನ ಎಂಟು ಪುಟದ ಪತ್ರಿಕೆ ಎರಡು ಪುಟವಾಗಿ ಹೊರಬಂತು. ಓದುಗರು ಫೋನ್ ಮಾಡಿ ಉಳಿದದ್ದು ಎಲ್ಲಿ ಎಂದರು. ಉಸ್ತಾದ್ ಹಳದಿ ಕಣ್ಣಿನಲ್ಲಿ, ಮಗಳ ತೋಳು ಹಿಡಿದು ಬಂದರು. ಹಿಂದಿನ ಪ್ರತಿಗಳನ್ನು ತಮ್ಮ ಡಿಸ್ಕಿನಲ್ಲಿ ಇಟ್ಟಿದ್ದರಿಂದ ಮೂರು ದಿನದಲ್ಲಿ ಎಲ್ಲ ತಿರುಗಿ ಸಿಕ್ಕಿತು.

ಹೋಗುವಾಗ ಅವರು ಸ್ಪಷ್ಟವಾಗಿ ಹೇಳಿದ್ದರು. "ಇದು ಅಪ್‌ಡೇಟ್ ತಪ್ಪಿದ್ದಕ್ಕ ಆಗಿಲ್ರಿ. ಡಬ್ಬಿ ತಪ್ಪಿಸಿದ್ದಕ್ಕ ಆಗ್ಯಾದ. ನಾ ಒಂದ್ ತಿಂಗಳ ಬರ್ಲಿಲ್ಲಂದ್ರ ಆಕಾಶ ಬೀಳಂಗಿಲ್ಲ. ಡಬ್ಬಿ ಬಿಡಬ್ಯಾಡ್ರಿ."

ಯಾರೂ ಅದನ್ನು ಕೇಳಿಸಿಕೊಳ್ಳಲಿಲ್ಲ. ನಮ್ಮ ಕಚೇರಿಯಲ್ಲಿ ಆ ಘಟನೆಗೆ ಉಳಿದ ಹೆಸರು "ಉಸ್ತಾದ್ ಬರದ ತಿಂಗಳು". ಪತ್ರಿಕೆಯ ಮಾಲೀಕರು ಭಾಲ್ಕಿಗೆ, ಔರಾದಿಗೆ ಹಾಗೆಯೇ ಹೇಳಿದರು. ಸುದ್ದಿಯನ್ನು ಎರಡು ಕಡೆ ಕೇಳಿ ಬರೆಯಬೇಕೆಂದು ವರದಿಗಾರರಿಗೆ ಕಲಿಸುವ ನಾನೂ ಅದನ್ನೇ ನಂಬಿದೆ. ನಂಬಿದರೆ ನಮ್ಮ ವರದಿಗಾರರ ತಪ್ಪೂ ಮುಚ್ಚಿಹೋಗುತ್ತಿತ್ತು.

ಆಮೇಲಿನಿಂದ ಉಸ್ತಾದ್ ನಮ್ಮ ಪಾಲಿಗೆ ತಾಯಿತ ಕಟ್ಟುವವರಾದರು. ಕೆಲಸ ಇರಲಿ ಬಿಡಲಿ, ಬರಬೇಕು, ಕೂರಬೇಕು, ಕಂಪ್ಯೂಟರಿಗೆ ಕೈ ಮುಟ್ಟಿಸಬೇಕು. ಔರಾದಿನ ಸಾವ್ಕಾರರು ನಗೆಯಾಡುತ್ತಿದ್ದರಂತೆ: "ನಮ್ಮ ಅಳಿಯಾ ವರ್ಷಕ್ಕೊಮ್ಮಿ ಬರ್ತಾನ. ಉಸ್ತಾದ್ ತಿಂಗಳಿಗೊಮ್ಮಿ ಬರ್ತಾರ. ಆಸ್ತಿ ಯಾರಿಗಿ ಬರೀಬೇಕೋ ತಿಳೀವಲ್ದು." ಉಸ್ತಾದ್ ಅದಕ್ಕೆ, "ಆಸ್ತಿ ಬ್ಯಾಡ್ರಿ ಸಾವ್ಕಾರ್ರ, ಒಂದ್ ಹೊಸ ಕಂಪ್ಯೂಟರ್ ತಗೋರಿ, ನನಗ ಬಿಡುಗಡಿ ಬರದುಕೊಡ್ರಿ," ಎಂದಿದ್ದರು. ಇಬ್ಬರೂ ನಕ್ಕರಂತೆ. ತಮಾಷೆ ಮಾಡುತ್ತಿದ್ದವರು ಒಬ್ಬರೇ ಎಂದು ಈಗ ಅನ್ನಿಸುತ್ತದೆ.

ಯಾಕೆಂದರೆ ಅವರು ನಮಗೂ ಪ್ರತಿ ವರ್ಷ ಹೇಳುತ್ತಿದ್ದರು. "ಸಾಬ್, ಈ ನಳಾ ಒಂದಿನ ಬಂದ್ ಆಗ್ತದ್ರಿ. ಬಿಲ್ಲಿನ ಮಷೀನಿಗೂ ಕಳ್ಸೋದು ನಿಲ್ಲಿಸ್ತಾರ. ಈಗ ಶುರು ಮಾಡ್ರಿ, ಸಾವಕಾಶ ಮಾಡೋಣ."

ನಾವು ಹೇಳುತ್ತಿದ್ದ ಮಾತು ಒಂದೇ. "ನೀವಿದ್ದೀರಲ್ಲ ಉಸ್ತಾದ್."

ಹೊಗಳಿಕೆ ಎಂದುಕೊಂಡು ಆ ಮಾತನ್ನು ಆಡುತ್ತಿದ್ದೆವು. ಅವರು ಚೀಲದ ಪಟ್ಟಿ ಸರಿಮಾಡಿಕೊಂಡು ಹೊರಡುತ್ತಿದ್ದರು.

ಮೂರನೇ ವರ್ಷ ಹಜ್‌ನ ಚೀಟಿ ಎತ್ತುವಿಕೆಯಲ್ಲಿ ಇಬ್ಬರ ಹೆಸರೂ ಬಂತು. ಉಸ್ತಾದ್ ಗುರುವಾರವಲ್ಲದ ದಿನ ಕಚೇರಿಗೆ ಬಂದದ್ದು ನನಗೆ ಗೊತ್ತಿರುವಂತೆ ಅದೊಂದೇ ಸಲ. ಎದುರು ಕುಳಿತು ಹೇಳಿದರು.

"ನಮ್ಮ ಹೆಸರು ಬಂದದ್ರಿ ಸಾಬ್. ನಂದು, ಮನಿಯವ್ರದು."

ಶುಭಾಶಯ ಹೇಳಿದೆ. ಕೈ ಕುಲುಕಿದೆ. ಆಮೇಲೆ ಎಷ್ಟು ದಿನ ಎಂದು ಕೇಳಿದೆ. ನಲವತ್ತು ಎಂದರು. ನನ್ನ ಕಣ್ಣು ಗೋಡೆಯ ಕ್ಯಾಲೆಂಡರಿಗೆ ಹೋಯಿತು. ಅದನ್ನು ಅವರು ನೋಡಿದರು. ಆ ಎರಡು ತಿಂಗಳು ನಮ್ಮ ಪತ್ರಿಕೆಯ ಬೆಳ್ಳಿಹಬ್ಬದ ವಿಶೇಷ ಸಂಚಿಕೆಯ ಕೆಲಸ ಇತ್ತು. ನೂರಕ್ಕೂ ಹೆಚ್ಚು ಪುಟ, ಎಲ್ಲವೂ ಆ ಹಳೆಯ ಕಂಪ್ಯೂಟರ್‌ಗಳ ಮೇಲೆ.

"ಮುಂದಿನ ವರ್ಷ ಹೋದ್ರ ನಡಿಯಂಗಿಲ್ಲೇನ್ರಿ ಉಸ್ತಾದ್?" ಎಂದೆ.

"ಹೆಸರು ಪ್ರತಿ ವರ್ಷ ಬರಂಗಿಲ್ಲ ಸಾಬ್."

"ಬಂದೇ ಬರ್ತದ ನಿಮ್ಮದು. ನಿಮಗ ಬರ್ಲಿಲ್ಲಂದ್ರ ಯಾರಿಗಿ ಬರಬೇಕು?"

ಅವರು "ನೋಡ್ತೇನ್ರಿ," ಎಂದು ಎದ್ದರು. ನಾನು ಪುಟದ ಕೆಲಸಕ್ಕೆ ತಿರುಗಿದೆ. ಒತ್ತಾಯ ಮಾಡಲಿಲ್ಲ, ಬೆದರಿಸಲಿಲ್ಲ. ಕೇಳಿದ್ದು ಒಂದು ಪ್ರಶ್ನೆ. ಅದೇ ಪ್ರಶ್ನೆಯನ್ನು ಔರಾದಿನ ಸಾವ್ಕಾರರೂ ಭಾಲ್ಕಿಯ ಲ್ಯಾಬಿನವರೂ ಕೇಳಿದ್ದರು ಎಂದು ಆಮೇಲೆ ತಿಳಿಯಿತು. ಮುಂದಿನ ಎರಡನೇ ಗುರುವಾರ ಉಸ್ತಾದ್ ಎಂದಿನಂತೆ ಬಂದು ಕೈ ಒರೆಸಿಕೊಂಡು ಕುಳಿತರು. ಏನಾಯಿತು ಎಂದು ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತಿತ್ತು.

ನನ್ನ ಮನೆ ಭಾಲ್ಕಿಯಲ್ಲಿ. ಶನಿವಾರ ನನ್ನ ವಾರದ ರಜೆ. ತಿಂಗಳಿಗೊಮ್ಮೆ ಸಕ್ಕರೆ ಪರೀಕ್ಷೆಗೆ ಆ ಲ್ಯಾಬಿಗೆ ಹೋಗುತ್ತಿದ್ದೆ. ಲ್ಯಾಬಿನ ಹೆಣ್ಣುಮಗಳು ಮಾತು ಒಡೆದು ಹೇಳುವವರು, ಉಸ್ತಾದರನ್ನು ಚಾಚಾ ಎನ್ನುತ್ತಿದ್ದರು. ಆ ವರ್ಷ ಹಜ್ ಯಾತ್ರೆಯ ವಿಮಾನಗಳು ಹೊರಟ ಸುದ್ದಿಯನ್ನು ನಮ್ಮ ಪತ್ರಿಕೆಯಲ್ಲೇ ಹಾಕಿದ್ದೆವು. ನನ್ನ ತೋಳಿಗೆ ಸೂಜಿ ಹಾಕುತ್ತ ಕೇಳಿದರು.

"ಚಾಚಾ ಫಾರ್ಮ್ ವಾಪಸ್ ತಗೊಂಡ್ರು, ಗೊತ್ತದಿಲ್ರಿ ನಿಮಗ?"

"ಗೊತ್ತಿರ್ಲಿಲ್ಲ."

"ನಾನೂ ಬ್ಯಾಡಂದವಳೇ. ದಿನಾ ಅರವತ್ತ ಜನ ಬರ್ತಾರ್ರಿ ಇಲ್ಲಿ, ಮಷೀನ್ ನಿಂತ್ರ ಹ್ಯಾಂಗಂತ ಅಂಜಿದೆ. ಈಗ ಅನಸ್ತದ, ನಲವತ್ತ ದಿನ ನಿಂತಿದ್ರ ಏನಾಗ್ತಿತ್ತು? ರಕ್ತ ಬೀದರಿಗಿ ಕಳಸ್ತಿದ್ದೆ, ಅಷ್ಟೆ. ನಿಮಗ ಹಂಗ ಅನಸ್ಲಿಲ್ಲೇನ್ರಿ?"

ಸೂಜಿ ತೋಳಲ್ಲಿತ್ತು.

ಮರುವರ್ಷ ಅವರ ಹೆಸರು ಬರಲಿಲ್ಲ. ಅದರ ಮರುವರ್ಷ ಬಂತು. ಈ ಸಲ ಉಸ್ತಾದ್ ಯಾರನ್ನೂ ಕೇಳಲಿಲ್ಲ. ನಮಗೆ ತಿಳಿಸಿದ್ದು ಲ್ಯಾಬಿನ ಹೆಣ್ಣುಮಗಳು. ಆರು ತಿಂಗಳಿಂದ ಅವರು ಉಸ್ತಾದರ ಹತ್ತಿರ ಕೆಲಸ ಕಲಿಯುತ್ತಿದ್ದರು. ತೇಪೆ ಇಳಿಸುವುದು, ಮೊದಲು ಒಂದು ಕಂಪ್ಯೂಟರಿಗೆ ಹಾಕಿ ನೋಡುವುದು, ಸರಿಹೋಗದಿದ್ದರೆ ಹಿಂದಕ್ಕೆ ತರುವುದು. ಉಸ್ತಾದ್ ಒಂದು ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದುಕೊಟ್ಟಿದ್ದರು. ಕನ್ನಡ ಅಕ್ಷರ, ಭಾಷೆ ಅರ್ಧ ದಖನಿ ಉರ್ದು. ಒಂದು ಗುರುವಾರ ಇಬ್ಬರೂ ನಮ್ಮ ಕಚೇರಿಗೆ ಬಂದರು. ಕುರ್ಚಿಯಲ್ಲಿ ಕುಳಿತವರು ಆಕೆ. ಉಸ್ತಾದ್ ಹಿಂದೆ ನಿಂತಿದ್ದರು.

"ಕೈ ಒರಸ್ಕೊ ಬೇಟಿ," ಎಂದರು.

"ಗ್ಲೌಸ್ ಹಾಕ್ಕೊಂಡು ದಿನಾ ರಕ್ತ ತಗೀತೀನಿ ಚಾಚಾ. ನಿಮ್ಮ ಈ ಕಂಪ್ಯೂಟರ್ ಡಬ್ಬಾಕಿಂತ ನನ್ನ ಕೈ ಸ್ವಚ್ಛ ಅದ."

ಕಚೇರಿಯೆಲ್ಲ ನಕ್ಕಿತು. ಉಸ್ತಾದರೂ ನಕ್ಕರು. ಅಷ್ಟು ಹಗುರವಾಗಿ ಅವರು ನಿಂತದ್ದನ್ನು ನಾನು ನೋಡಿರಲಿಲ್ಲ. ಅಂಕಿ ನೂರು ಮುಟ್ಟುವ ಮೊದಲೇ ಅವರು ಹೊರಗೆ ಹೋಗಿ ಚಹಾ ಕುಡಿದು ಬಂದರು. ಬಿಸಿ ಚಹಾ.

ಹಜ್‌ಗೆ ಹೋಗುವವರು ಆರೋಗ್ಯದ ಪ್ರಮಾಣಪತ್ರ ಕೊಡಬೇಕು. ಅದಕ್ಕೆ ರಕ್ತ ಪರೀಕ್ಷೆ ಬೇಕು. ಬೀದರಿನಲ್ಲಿ ಮನೆಯ ಹತ್ತಿರವೇ ನಾಲ್ಕಾರು ಲ್ಯಾಬ್ ಇವೆ. ಉಸ್ತಾದ್ ಹೆಂಡತಿಯನ್ನು ಬಸ್ಸಿನಲ್ಲಿ ಭಾಲ್ಕಿಗೆ ಕರೆದುಕೊಂಡು ಬಂದರು. ಆ ಶನಿವಾರ ನಾನೂ ಅಲ್ಲಿದ್ದೆ, ಸಕ್ಕರೆಯ ಕಾಗದಕ್ಕೆ ಕಾಯುತ್ತ.

"ಇಷ್ಟ್ ದೂರ ಯಾಕ್ರಿ?" ಎಂದು ಕೇಳಿದೆ.

"ನಮ್ಮ ಮಷೀನಿನ ಮ್ಯಾಲ ಭರೋಸಾ ಅದ ಸಾಬ್."

ಭಾಭಿ ಹೊರಗಿನ ಬೆಂಚಿನಲ್ಲಿ ಕುಳಿತಿದ್ದರು. ಕಾಲು ಊದಿದ್ದವು; ಬಸ್ಸಿನ ಪ್ರಯಾಣದಿಂದ ಎಂದುಕೊಂಡಿದ್ದರು. ರಕ್ತ ಯಂತ್ರಕ್ಕೆ ಹೋಯಿತು. ಉಸ್ತಾದ್ ರೂಢಿಯಂತೆ ಕಂಪ್ಯೂಟರಿನ ಮುಂದೆ ಕುಳಿತಿದ್ದರು. ಆ ಹಳೆಯ ಪರದೆಯಲ್ಲಿ ಫಲಿತಾಂಶ ಒಂದೊಂದೇ ಸಾಲಾಗಿ ಇಳಿಯುತ್ತದೆ. ಹಿಮೋಗ್ಲೋಬಿನ್ ಕಡಿಮೆ ಇತ್ತು. ಸಕ್ಕರೆ ಪರವಾಗಿಲ್ಲ. ಆಮೇಲೆ ಯೂರಿಯಾ, ಕ್ರಿಯಾಟಿನಿನ್, ಮೂತ್ರಪಿಂಡದ ಸಾಲುಗಳು. ಸರಿಯಿದ್ದವರಿಗೆ ಒಂದರ ಆಸುಪಾಸು ಇರಬೇಕಾದ ಅಂಕಿ ಆರು ದಾಟಿತ್ತು. ಲ್ಯಾಬಿನ ಹೆಣ್ಣುಮಗಳಿಗಿಂತ ಮೊದಲು ಅದನ್ನು ಓದಿದವರು ಅವರೇ.

"ಬೇಟಿ, ಇದರ ಕ್ಯಾಲಿಬ್ರೇಶನ್ ಯಾವಾಗ ಮಾಡಿದಿ?"

"ಇವತ್ತ ಮುಂಜಾನೀನೇ ಚಾಚಾ."

"ಮತ್ತೊಮ್ಮಿ ಹಚ್ಚು."

ಆಕೆ ಮತ್ತೊಮ್ಮೆ ಹಚ್ಚಿದರು. ಸಾಲುಗಳು ಇಳಿದವು. ಅಂಕಿ ಅದೇ, ಚುಕ್ಕಿಯ ಆಚೆಗಿನದು ಒಂದು ಕಡಿಮೆ.

"ಬೀದರಿನ್ಯಾಗ ಬ್ಯಾರೆ ಕಡಿ ಒಮ್ಮಿ ನೋಡಸ್ರಿ ಚಾಚಾ. ಇದು ಹಳೆ ಮಷೀನು. ಒಂದೊಂದ್ಸಲ..."

"ಇಲ್ಲವ್ವಾ," ಎಂದರು ಉಸ್ತಾದ್. "ಇದು ಕೆಟ್ಟಿಲ್ಲ. ನಾ ಕೆಡ್ಲಿಕ್ಕ ಬಿಟ್ಟಿಲ್ಲ."

ಹೊರಗಿನಿಂದ ಭಾಭಿ ಕೂಗಿದರು. "ಕ್ಯಾ ಬೋಲ್ರಾ ತುಮ್ಹಾರಾ ಮಷೀನ್?" ನಿಮ್ಮ ಮಷೀನು ಏನನ್ನುತ್ತಿದೆ ಎಂದು.

ಉಸ್ತಾದ್ ಕಾಗದ ಮುದ್ರಿಸಿಕೊಂಡು, ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡರು. ಎದ್ದು ಕಂಪ್ಯೂಟರ್ ಸರಿಯಾಗಿ ಬಂದ್ ಮಾಡಿದರು. ಆ ಹೊತ್ತಿನಲ್ಲಿ ಅದನ್ನು ಬಂದ್ ಮಾಡುವ ಅಗತ್ಯ ಇರಲಿಲ್ಲ. ಹೊರಗೆ ಇನ್ನೂ ಹತ್ತು ಜನ ಕಾಯುತ್ತಿದ್ದರು. ಲ್ಯಾಬಿನ ಹೆಣ್ಣುಮಗಳು, ಅವರು ಬಾಗಿಲು ದಾಟಿದ ಮೇಲೆ ಅದನ್ನು ಮತ್ತೆ ಚಾಲೂ ಮಾಡಿದರು.

ಪ್ರಮಾಣಪತ್ರ ಸಿಗಲಿಲ್ಲ. ವೈದ್ಯರು ಹೇಳಿದರಂತೆ, ಇದು ಒಂದು ದಿನದಲ್ಲಿ ಆದದ್ದಲ್ಲ, ಎರಡು ವರ್ಷದಿಂದ ಇಳಿಯುತ್ತ ಬಂದಿದೆ. ಎರಡು ವರ್ಷದ ಹಿಂದೆ ಅವರು ಹೋಗಬಹುದಾಗಿತ್ತು ಎಂದು ಅದರ ಅರ್ಥ.

ಸೋಮವಾರ ಮತ್ತು ಗುರುವಾರ ಡಯಾಲಿಸಿಸ್ ಶುರುವಾಯಿತು. ಉಸ್ತಾದ್ ಒಂದು ಗುರುವಾರ ಆಸ್ಪತ್ರೆಯಿಂದಲೇ ನಮ್ಮ ಕಚೇರಿಗೆ ಬಂದರು. ಚೀಲ ಇರಲಿಲ್ಲ. ನಿಂತೇ ಹೇಳಿದರು.

"ಇನ್ನ ನನಗ ಆಗಂಗಿಲ್ರಿ ಸಾಬ್. ಲ್ಯಾಬಿನ ಬೇಟಿಗೂ ಬ್ಯಾಡಂತ ಹೇಳೀನಿ. ನೋಟ್‌ಬುಕ್ ತಿರುಗಿ ಇಸ್ಕೊಂಡೀನಿ. ಆಕಿಗಿ ಇದು ಗಂಟು ಬೀಳಬಾರದು."

ಮಾಲೀಕರು ಎದುರಿಗಿದ್ದರು. ಅವರ ಬಾಯಲ್ಲಿ ಹಳೆಯ ಮಾತು ಬಂದೇಬಿಟ್ಟಿತ್ತು. "ನೀವಿದ್ದೀರ..." ಎಂದು ಅರ್ಧಕ್ಕೆ ನಿಲ್ಲಿಸಿದರು.

ಮುಂದೆ ನಡೆದದ್ದನ್ನು ಇದ್ದ ಹಾಗೆ ದಾಖಲಿಸುತ್ತೇನೆ. ಮರುದಿನ ಮಾಲೀಕರು ಹೈದರಾಬಾದಿಗೆ ಫೋನ್ ಮಾಡಿದರು. ಮೂರನೇ ದಿನ ಹೊಸ ಕಂಪ್ಯೂಟರ್‌ಗಳು ಬಂದವು. ನಮ್ಮ ಹಳೆಯ ಅಕ್ಷರಗಳನ್ನು ಹೊಸ ರೀತಿಗೆ ಬದಲಿಸುವ ತಂತ್ರಾಂಶ ಬಹಳ ಹಿಂದಿನಿಂದಲೇ ಇತ್ತಂತೆ, ಯಾರೂ ಹುಡುಕಿರಲಿಲ್ಲ. ಆರನೇ ದಿನ ಪ್ರಾಯೋಗಿಕ ಪುಟ. ಅರ್ಕಾವತ್ತುಗಳು ಕೆಲವು ಕಡೆ ಜಾಗ ತಪ್ಪಿದವು, ಸರಿಪಡಿಸಿದೆವು. ಒಂಬತ್ತನೇ ದಿನ ಎಂಟೂ ಪುಟ ಹೊಸ ಅಕ್ಷರದಲ್ಲಿ ಹೊರಬಂದವು. ಜನವಾಡದ ಒಬ್ಬ ಓದುಗರು ತಲೆಬರಹ ಸ್ವಲ್ಪ ತೆಳ್ಳಗ ಆಗ್ಯಾವ ಎಂದರು. ಬೇರೆ ಯಾರಿಗೂ ತಿಳಿಯಲಿಲ್ಲ.

ಉಸ್ತಾದರಿಗೆ ತಿಳಿಯಿತು. ಅವತ್ತು ಬೆಳಿಗ್ಗೆಯೇ ಫೋನ್ ಮಾಡಿದರು. "ಪೇಪರ್ ನೋಡ್ದೆ ಸಾಬ್. ಚಲೋ ಕಾಣ್ಲತ್ತದ." ಅಷ್ಟೇ ಹೇಳಿ ಇಟ್ಟರು.

ಔರಾದಿನ ಕಾಟಾ ಒಂದೇ ಭಾನುವಾರದಲ್ಲಿ ಬದಲಾಯಿತು. ಭಾಲ್ಕಿಯ ಲ್ಯಾಬಿಗೆ, ಪರೀಕ್ಷೆಯ ರಾಸಾಯನಿಕ ನಮ್ಮಲ್ಲೇ ಕೊಳ್ಳುವುದಾದರೆ ಯಂತ್ರ ನಾವೇ ಇಡುತ್ತೇವೆ ಎಂದು ಒಬ್ಬ ಏಜೆಂಟರು ಒಪ್ಪಿದರು. "ನಾಕ್ ವರ್ಷದ ಹಿಂದ ಕೇಳಿದ್ರೂ ಕೊಡ್ತಿದ್ರಂತ್ರಿ," ಎಂದು ಆ ಹೆಣ್ಣುಮಗಳು ನನಗೆ ಹೇಳಿದರು. "ನಾ ಕೇಳೇ ಇಲ್ಲ. ಚಾಚಾ ಇದ್ರಲ್ಲ."

ಅದಾಗಿ ಐದಾರು ತಿಂಗಳ ಮೇಲೆ ಅವರ ಮನೆಗೆ ಹೋದೆ. ಮೊದಲೇ ಹೋಗಬೇಕಾಗಿತ್ತು. ಒಂದು ಚೀಲ ಮೋಸಂಬಿ ಒಯ್ದಿದ್ದೆ. ಡಯಾಲಿಸಿಸ್‌ನವರಿಗೆ ಅದು ವರ್ಜ್ಯವೆಂದು ನನಗೆ ಗೊತ್ತಿರಲಿಲ್ಲ. ಉಸ್ತಾದ್ ಅದನ್ನು ಒಳಗೆ ಇಟ್ಟು ಬಂದರು. ಭಾಭಿ ಕೋಣೆಯ ಕಿಟಕಿಯ ಪಕ್ಕ ಮಂಚದ ಮೇಲೆ ದಿಂಬಿಗೆ ಒರಗಿದ್ದರು, ಎಡ ತೋಳಿಗೆ ಪಟ್ಟಿ. ಮಗಳ ಸುದ್ದಿ, ಮಳೆಯ ಸುದ್ದಿ, ಆಸ್ಪತ್ರೆಯ ನರ್ಸುಗಳ ಸುದ್ದಿ ಆಯಿತು. ಉಸ್ತಾದ್ ಚಹಾ ಮಾಡಿ ತಂದರು. ಮೂರು ಕಪ್ಪು, ಹೆಂಡತಿಯದರಲ್ಲಿ ಎರಡೇ ಗುಟುಕು.

ಭಾಭಿ ಕೇಳಿದರು. "ಭಯ್ಯಾ, ನಿಮ್ಮ ಪೇಪರಿಂದು ಕಂಪ್ಯೂಟರ್ ಎಲ್ಲಾ ಹೊಸವು ಮಾಡಿದ್ರಂತ?"

"ಹೌದ್ರಿ ಭಾಭಿ."

"ಎಷ್ಟ್ ದಿನ ಹತ್ತಿತ್ರಿ?"

ಅವರಿಗೆ ಕನ್ನಡ ಓದಲು ಬರುವುದಿಲ್ಲ. ಯಾವ ದಿನ ನಮ್ಮ ಅಕ್ಷರ ಬದಲಾಯಿತು ಎಂದು ಅವರಿಗೆ ತಿಳಿಯುವ ದಾರಿ ಇರಲಿಲ್ಲ. ಉಸ್ತಾದ್ ಕಪ್ಪು ಹಿಡಿದು ನನ್ನನ್ನೇ ನೋಡುತ್ತಿದ್ದರು.

"ಭಾಳ ದಿನ ಹತ್ತಿತ್ರಿ," ಎಂದೆ.

"ಭಾಳ ಅಂದ್ರ?"

"ಮೂರ್ ತಿಂಗಳ."

ಅವರು ಗಂಡನ ಕಡೆ ತಿರುಗಿದರು. "ಖರೇನ?"

ಉಸ್ತಾದ್ ಕಪ್ಪನ್ನು ಬಸಿಯ ಮೇಲೆ ಇಟ್ಟರು. "ಹೌದು. ಅದಕ್ಕಿಂತ ಕಡಿಮಿ ಆಗಂಗಿಲ್ಲ ಅದು."

"ಹಂಗಿದ್ರ ಮೊದಲ ಸಲ ಹೆಸರು ಬಂದಾಗ ನಾವು ಹೋಗ್ಲಿಕ್ಕ ಆಗ್ತಿರ್ಲಿಲ್ಲ," ಎಂದರು ಭಾಭಿ.

"ಆಗ್ತಿರ್ಲಿಲ್ಲ," ಎಂದರು ಉಸ್ತಾದ್.

ಭಾಭಿ ತಲೆದೂಗಿದರು. ದಿಂಬು ಸ್ವಲ್ಪ ಕೆಳಗೆ ಸರಿಸಿಕೊಂಡು, ಪಟ್ಟಿ ಕಟ್ಟಿದ ತೋಳನ್ನು ಎದೆಯ ಮೇಲೆ ಇಟ್ಟುಕೊಂಡು, ಕಣ್ಣು ಮುಚ್ಚಿದರು.